ಗಡಿ ದಾಟುವ ಬಾಡಿಗೆ: ಆದವಾನಿ–ಉರುಕುಂದ ಹಾದಿಯ ಚಾಲಕರು

ಶ್ರಾವಣ ಮಾಸದ ಸೋಮವಾರಗಳಂದು ಉರುಕುಂದದ ಈರಣ್ಣಸ್ವಾಮಿಯ ಸನ್ನಿಧಿಗೆ ಒಂಟಿಯಾಗಿ ಬರುವವರು ಕಡಿಮೆ. ಬಳ್ಳಾರಿ, ಸಿರುಗುಪ್ಪ, ಸಿಂಧನೂರು, ಮಾನ್ವಿ, ರಾಯಚೂರು ಕಡೆಗಳಿಂದ ಮನೆಮಂದಿಯೆಲ್ಲ ಒಂದೇ ಗಾಡಿಯಲ್ಲಿ ಬರುತ್ತಾರೆ. ಜವಳ ತೆಗೆಸಬೇಕಾದ ಮಗು, ಹರಕೆ ಹೊತ್ತ ತಾಯಿ, ಮೊಣಕಾಲು ನೋಯುವ ಅಜ್ಜಿ, ನೈವೇದ್ಯದ ಹೋಳಿಗೆಗೆ ಬೇಕಾದ ಬೇಳೆ ಬೆಲ್ಲ, ಒಂದೆರಡು ಚಾಪೆ. ಇಷ್ಟನ್ನೂ ಇಳಿಸಿಕೊಂಡು ಜನ ಗುಡಿಯ ಕಡೆಗೆ ಹೊರಟ ಮೇಲೆ ಗಾಡಿಯ ಬಳಿ ಒಬ್ಬನು ಉಳಿಯುತ್ತಾನೆ. ಅವನು ಮುಖ ತೊಳೆದು, ಗೋಪುರಕ್ಕೆ ದೂರದಿಂದಲೇ ಕೈಮುಗಿದು, ಸೀಟನ್ನು ಹಿಂದಕ್ಕೆ ಬಾಗಿಸಿ ಕಣ್ಣು ಮುಚ್ಚುತ್ತಾನೆ. ರಾತ್ರಿಯೆಲ್ಲ ಎಚ್ಚರವಿದ್ದವನು ಅವನೊಬ್ಬನೇ.

ನಮ್ಮ ಸಮ್ಮೇಳನಗಳ ಸ್ಮರಣ ಸಂಚಿಕೆಗಳಲ್ಲಿ ಗಡಿನಾಡಿನ ಶಾಸನಗಳ ಕುರಿತು, ದಾಸರ ಕುರಿತು, ಏಕೀಕರಣದ ಹೋರಾಟಗಾರರ ಕುರಿತು, ಕನ್ನಡ ಶಾಲೆಗಳ ಕುರಿತು ಬೆಲೆಯುಳ್ಳ ಬರೆಹಗಳು ಬಂದಿವೆ. ಈ ಗಾಡಿಯವನ ಕುರಿತು ನಾವು ಬರೆದದ್ದು ಇಲ್ಲವೆಂದೇ ಹೇಳಬೇಕು. 1953ರಲ್ಲಿ ಎಳೆದ ರೇಖೆಯು ಉಳಿದವರಿಗೆ ನೆನಪಾಗಿಯೋ, ಭಾಷಣದ ವಿಷಯವಾಗಿಯೋ ಉಳಿಯಿತು. ಬಾಡಿಗೆ ಗಾಡಿಯವನಿಗೆ ಮಾತ್ರ ಅದು ಪ್ರತಿ ಪ್ರಯಾಣದ ಖರ್ಚಾಯಿತು. ಆ ಖರ್ಚನ್ನು ಹೊತ್ತುಕೊಂಡು ರೇಖೆಯ ಎರಡು ಬದಿಯ ನೆಂಟಸ್ತನವನ್ನೂ ಮಾತನ್ನೂ ಬಳಕೆಯಲ್ಲಿ ಇರಿಸಿದವರಲ್ಲಿ ಅವನೂ ಒಬ್ಬನೆಂಬುದು ನಮ್ಮ ಎಣಿಕೆ.

ಈರಣ್ಣನ ಭಕ್ತಮಂಡಲದ ವಿಸ್ತಾರವನ್ನು ತಿಳಿಯಲು ಜನಗಣತಿ ಬೇಕಿಲ್ಲ, ಶಾಲೆಯ ಹಾಜರಿ ಪುಸ್ತಕ ಸಾಕು. ರಾಯಚೂರು, ಬಳ್ಳಾರಿ ಜಿಲ್ಲೆಗಳ ಯಾವ ಊರಿನ ಹಾಜರಿಯನ್ನು ತೆರೆದರೂ ಉರುಕುಂದಪ್ಪ, ಉರುಕುಂದಮ್ಮ, ಈರಣ್ಣ ಎಂಬ ಹೆಸರುಗಳು ಕಾಣುತ್ತವೆ. ನರಸಿಂಹನನ್ನು ಈರಣ್ಣನೆಂದು ಕರೆದು ಶೈವ–ವೈಷ್ಣವ ಭೇದವನ್ನು ಬದಿಗಿಟ್ಟ ಕ್ಷೇತ್ರವಿದು. ಇಂದು ಕರ್ನೂಲು ಜಿಲ್ಲೆಯ ಕೌತಾಳಂ ಮಂಡಲಕ್ಕೆ ಸೇರಿದ ಈ ಊರಿನ ಹೆಸರು ಕರ್ನಾಟಕದ ಸಾವಿರಾರು ಮನೆಗಳಲ್ಲಿ ಮಕ್ಕಳ ಹೆಸರಾಗಿ ನಿಂತಿದೆ. ಇಂಥ ನಂಟನ್ನು ನಡೆಸಿಕೊಂಡು ಬರಲು ದಾರಿಯೊಂದಿದ್ದರೆ ಸಾಲದು, ದಾರಿಯಲ್ಲಿ ಕರೆದೊಯ್ಯುವವನೂ ಬೇಕು.

ಮೋಟಾರಿಗೆ ಮೊದಲು ಆ ಕೆಲಸ ಎತ್ತಿನ ಬಂಡಿಯದಾಗಿತ್ತು. ಸ್ವಂತ ಬಂಡಿಯಿಲ್ಲದವರು ಬಾಡಿಗೆಗೆ ಕಟ್ಟಿಸಿಕೊಂಡು ಹೋಗುತ್ತಿದ್ದರು. 1800ರಲ್ಲಿ ನಿಜಾಮನು ಈ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟನು. ಥಾಮಸ್ ಮನ್ರೋ ದತ್ತ ಮಂಡಲಗಳ ಮುಖ್ಯ ಕಲೆಕ್ಟರನಾದನು. 1808ರಲ್ಲಿ ಆ ಮಂಡಲಗಳು ಬಳ್ಳಾರಿ, ಕಡಪ ಎಂದು ಎರಡು ಜಿಲ್ಲೆಗಳಾದಾಗ ಆದವಾನಿ ಬಳ್ಳಾರಿಗೆ ಸೇರಿತು. ಹತ್ತಿಯ ಊರಾದ ಆದವಾನಿಗೆ ಬಂಡಿಗಳ ಓಡಾಟ ಸಹಜ. ಆದರೆ ಬಾಡಿಗೆ ಗಾಡಿಯು ಒಂದು ಕಸುಬಾಗಿ ನೆಲೆ ನಿಲ್ಲಲು ರೈಲು ಬರಬೇಕಾಯಿತು. ಮದರಾಸಿನಿಂದ ಹೊರಟ ರೈಲುದಾರಿಯು ಗುಂತಕಲ್ಲು, ಆದವಾನಿಗಳ ಮೇಲೆ ಹಾದು 1871ರಲ್ಲಿ ರಾಯಚೂರಿನಲ್ಲಿ ಮುಂಬಯಿಯ ದಾರಿಯೊಡನೆ ಕೂಡಿತು. ಅಂದಿನಿಂದ ನಿಲ್ದಾಣದ ಮುಂದೆ ಗೊತ್ತಾದ ಹೊತ್ತಿಗೆ ಗುರುತಿಲ್ಲದ ಜನ ಇಳಿಯತೊಡಗಿದರು. ಬಂಡಿಯವನು ಅದುವರೆಗೆ ತನ್ನ ಊರಿನ ಗೌಡರನ್ನೋ ಶೆಟ್ಟರನ್ನೋ ಹೊತ್ತು ಹೋಗುತ್ತಿದ್ದನು. ಬಾಡಿಗೆ ಕೊಡುವವನೂ ಪಡೆಯುವವನೂ ಪರಸ್ಪರರ ಕುಲ, ಮನೆತನ, ಸಾಲ ಎಲ್ಲವನ್ನೂ ಬಲ್ಲವರು. ನಿಲ್ದಾಣದ ಮುಂದಿನ ಜಟಕಾದವನಿಗೆ ಹಾಗಲ್ಲ. ಎದುರಿಗೆ ಬಂದವನು ಯಾರೆಂದು ಕೇಳದೆ ಕೂರಿಸಿಕೊಳ್ಳಬೇಕು, ಎಲ್ಲಿಗೆ ಎಂದಷ್ಟೇ ಕೇಳಬೇಕು. ನಮ್ಮ ಸೀಮೆಯಲ್ಲಿ ಅಪರಿಚಿತರೊಡನೆ ವ್ಯವಹರಿಸುವುದನ್ನೇ ಜೀವನೋಪಾಯ ಮಾಡಿಕೊಂಡವರಲ್ಲಿ ಜಟಕಾದವರೂ ಸೇರುತ್ತಾರೆ. ಅವರಲ್ಲಿ ಅನೇಕರು ಮುಸಲ್ಮಾನ ಮನೆತನದವರು. ಈರಣ್ಣನಿಗೂ ಮಂಚಾಲೆಯ ರಾಯರಿಗೂ ಹೋಗುವ ಯಾತ್ರಿಕರನ್ನು ಅವರು ಹೊತ್ತು ನಡೆದದ್ದು ಆಗ ಯಾರಿಗೂ ವಿಶೇಷವೆನಿಸಿರಲಿಲ್ಲ. ಇಂದಿಗೂ ಆದವಾನಿಯ ಸ್ಟ್ಯಾಂಡಿನಲ್ಲಿ ಅದು ವಿಶೇಷವಲ್ಲ.

ಮೋಟಾರು ಬಂದಾಗ ಅದರ ಬೆನ್ನಿಗೆ ಕಾಗದಗಳೂ ಬಂದವು. ದೇಶಕ್ಕೆಲ್ಲ ಒಂದೇ ಮೋಟಾರು ಕಾಯಿದೆ 1914ರಲ್ಲಿ ಆಯಿತು. 1939ರ ಕಾಯಿದೆಯು ಬಾಡಿಗೆಗೆ ಓಡುವ ವಾಹನಗಳನ್ನೆಲ್ಲ ಪರ್ಮಿಟ್ಟಿಗೆ ಒಳಪಡಿಸಿತು. ಆ ಕಾಯಿದೆಯ 63ನೆಯ ಕಲಮನ್ನು ನಮ್ಮ ಗಡಿಯ ಇತಿಹಾಸ ಬರೆಯುವವರು ಓದಿಕೊಳ್ಳಬೇಕು. ಒಂದು ಪ್ರದೇಶದ ಸಾರಿಗೆ ಪ್ರಾಧಿಕಾರವು ಕೊಟ್ಟ ಪರ್ಮಿಟ್ಟು ಇನ್ನೊಂದು ಪ್ರದೇಶದಲ್ಲಿ ನಡೆಯಬೇಕಾದರೆ ಅಲ್ಲಿನ ಪ್ರಾಧಿಕಾರವು ಮೇಲುರುಜು ಹಾಕಬೇಕು. ಒಂದು ಪ್ರಾಂತದ್ದು ಇನ್ನೊಂದು ಪ್ರಾಂತದಲ್ಲಿ ನಡೆಯಬೇಕಾದರೂ ಹಾಗೆಯೇ. ಆಗ ಆದವಾನಿಯೂ ಸಿರುಗುಪ್ಪವೂ ಒಂದೇ ಬಳ್ಳಾರಿ ಜಿಲ್ಲೆಯ ತಾಲೂಕುಗಳು. ರಾರಾವಿಯ ಬಳಿ ವೇದಾವತಿಯನ್ನು ದಾಟಿ ಆದವಾನಿಗೆ ಬರುವ ಬಾಡಿಗೆ ಕಾರಿನವನಿಗೆ ಈ ಕಲಮಿನ ಗೊಡವೆಯೇ ಇರಲಿಲ್ಲ. ಉತ್ತರದ ಕಡೆ ಮಾತ್ರ ಬೇರೆ ಸಂಗತಿ. ತುಂಗಭದ್ರೆಯ ಆಚೆಯ ರಾಯಚೂರು ನಿಜಾಮರ ರಾಜ್ಯ. ಅಲ್ಲಿಂದ ಬರುವವರು ಹೊಳೆಯೊಡನೆ ರಾಜ್ಯವನ್ನೂ ದಾಟಿ ಬರಬೇಕಾಗಿತ್ತು. ಹೀಗೆ ಉರುಕುಂದಕ್ಕೆ ಪಡುವಣವು ಮನೆಯಾಗಿಯೂ ಬಡಗಣವು ಪರರಾಜ್ಯವಾಗಿಯೂ ಇದ್ದಿತು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಕರ್ನೂಲು ಅದರ ರಾಜಧಾನಿಯಾಯಿತು. ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆ ರಾಜ್ಯಕ್ಕೆ ಹೋದವು. ಸಿರುಗುಪ್ಪ, ಹೊಸಪೇಟೆ ಮೊದಲಾದವು ಮೈಸೂರಿಗೆ ಬಂದವು. ಬಳ್ಳಾರಿ ತಾಲೂಕಿನ ಪ್ರಶ್ನೆಯನ್ನು ನ್ಯಾಯಮೂರ್ತಿ ಮಿಶ್ರಾ ಅವರ ವಿಚಾರಣೆಗೆ ಒಪ್ಪಿಸಿ ಅದನ್ನೂ ಮೈಸೂರಿಗೆ ಕೊಡಲಾಯಿತು. ಈ ಕಥೆ ನಮ್ಮ ಓದುಗರಿಗೆ ಗೊತ್ತು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದಾಗ ಕನ್ನಡಿಗರೆಲ್ಲ ಸಂತೋಷಪಟ್ಟದ್ದು ನ್ಯಾಯವೇ. ಆದರೆ ಆದವಾನಿಯ ಬಾಡಿಗೆ ಕಾರಿನವನ ಕಡೆಯಿಂದ ನೋಡಿದರೆ ಲೆಕ್ಕ ಬೇರೆಯಾಗುತ್ತದೆ. ಬಡಗಣದ ಪರರಾಜ್ಯವು ಪರರಾಜ್ಯವಾಗಿಯೇ ಉಳಿಯಿತು. ಮನೆಯಾಗಿದ್ದ ಪಡುವಣವೂ ಪರರಾಜ್ಯವಾಯಿತು. ನಿನ್ನೆಯವರೆಗೆ ತಾಲೂಕಿನಿಂದ ತಾಲೂಕಿಗೆ ಹೋಗುತ್ತಿದ್ದ ಅದೇ ಹಾದಿ, ಅದೇ ಹಳ್ಳ, ಅದೇ ಜಾಲಿಮರಗಳ ಸಾಲು. ಆದರೆ ಈಗ ಅದು ಅಂತರರಾಜ್ಯ ಪ್ರಯಾಣ. ಮೇಲುರುಜು, ತಾತ್ಕಾಲಿಕ ಪರ್ಮಿಟ್ಟು, ಇನ್ನೊಂದು ಸರ್ಕಾರದ ತೆರಿಗೆ, ತನಿಖಾ ಠಾಣೆ ಎಂಬ ಹೊಸ ಪದಗಳನ್ನು ಅವನು ಕಲಿತದ್ದು ಹೀಗೆ.

ನಿಲ್ಲದೆ ನಡೆದದ್ದು ಜನರ ಓಡಾಟ. ಕೊಟ್ಟು ತಂದ ಹೆಣ್ಣುಮಕ್ಕಳು ಎರಡು ಬದಿಯಲ್ಲೂ ಇದ್ದರು. ಹತ್ತಿ ಆದವಾನಿಯ ಮಾರುಕಟ್ಟೆಗೆ ಬರಬೇಕು. ಬಾಣಂತಿಯು ತವರಿಗೆ ಹೋಗಬೇಕು, ಸತ್ತ ಸುದ್ದಿಗೆ ಹೊತ್ತು ಮುಳುಗುವುದರೊಳಗೆ ಮಣ್ಣಿಗೆ ಮುಟ್ಟಬೇಕು. ಸರ್ಕಾರಗಳು ಬೇರ್ಪಟ್ಟಷ್ಟು ಸುಲಭವಾಗಿ ಬೀಗರು ಬೇರ್ಪಡುವುದಿಲ್ಲ. ಈ ಎರಡರ ನಡುವಿನ ಅಂತರವನ್ನು ತುಂಬಿದವನು ಬಾಡಿಗೆ ಗಾಡಿಯವನು. ಗಡಿಯ ಠಾಣೆಯಲ್ಲಿ ಅವನು ಕಟ್ಟಿದ್ದು ಆ ಅಂತರದ ಬೆಲೆ.

ಸರ್ಕಾರಿ ಬಸ್ಸುಗಳು ಇರಲಿಲ್ಲವೇ ಎಂದು ಕೇಳಬಹುದು. ಇದ್ದವು. 1956ರ ತಿದ್ದುಪಡಿಯು ರಾಜ್ಯಗಳಿಗೆ ಬಸ್ಸಿನ ಹಾದಿಗಳನ್ನು ವಹಿಸಿಕೊಳ್ಳುವ ದಾರಿ ತೆರೆಯಿತು. ಆಂಧ್ರದಲ್ಲಿ 1958ರ ಜನವರಿಯಲ್ಲಿ, ಮೈಸೂರಿನಲ್ಲಿ 1961ರ ಆಗಸ್ಟಿನಲ್ಲಿ ಸಾರಿಗೆ ನಿಗಮಗಳು ಆರಂಭವಾದವು. ಅಂತರರಾಜ್ಯ ಬಸ್ಸುಗಳು ಒಪ್ಪಂದದಂತೆ ಓಡುತ್ತವೆ, ಒಪ್ಪಂದದಲ್ಲಿರುವಷ್ಟೇ ಓಡುತ್ತವೆ. ಹರಕೆ, ಹೆರಿಗೆ, ಸಾವು, ಜಗಳ ಇವು ಯಾವ ಒಪ್ಪಂದದ ವೇಳಾಪಟ್ಟಿಗೂ ಕಾಯುವುದಿಲ್ಲ. ಹೀಗಾಗಿ ಅಂಬಾಸಿಡರ್, ಅದರ ಹಿಂದೆ ಜೀಪು, ಆಮೇಲೆ ಟ್ರ್ಯಾಕ್ಸು, ಕ್ರೂಸರು, ತೂಫಾನು, ಸಣ್ಣ ಹಳ್ಳಿಗಳಿಗೆ ಆಟೋ ಎಂದು ಗಾಡಿಗಳು ಬದಲಾದವೇ ಹೊರತು ಕೆಲಸ ಬದಲಾಗಲಿಲ್ಲ. ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತಿತು. ಐವರು ಕೂರಬೇಕಾದ ಆ ಕಾರಿನಲ್ಲಿ ಹನ್ನೊಬ್ಬರು ಕುಳಿತು ಮಂತ್ರಾಲಯಕ್ಕೆ ಹೋದುದನ್ನು ನೆನೆಯುವ ಹಿರಿಯರು ಈ ಸಂಚಿಕೆಯ ಓದುಗರಲ್ಲೇ ಇದ್ದಾರು. ಆ ಹನ್ನೊಬ್ಬರಲ್ಲಿ ಯಾರ ಮೈ ಯಾರಿಗೆ ತಾಗಿತೆಂಬ ವಿಚಾರಣೆ ನಡೆಯಲಿಲ್ಲ. ಬಾವಿಕಟ್ಟೆಯಲ್ಲಿ ಬಹುಕಾಲ ಉಳಿದ ಮಡಿಯು ಬಾಡಿಗೆ ಗಾಡಿಯ ಸೀಟಿನಲ್ಲಿ ಅಷ್ಟು ಕಾಲ ಉಳಿಯಲಿಲ್ಲ.

ಗಾಡಿಯೊಳಗೆ ಸಡಿಲಿದ ಭೇದವು ಗಾಡಿಯಿಂದಿಳಿದ ಮೇಲೆ ಚಾಲಕನ ಪಾಲಿಗೆ ಮತ್ತೊಂದು ರೂಪ ತಾಳುತ್ತದೆ. ಮುನ್ನೂರು ಕಿಲೋಮೀಟರು ಜೊತೆಯಲ್ಲಿ ಬಂದವರು ಅವನ ಹೆಸರನ್ನು ಕೇಳಿರುವುದಿಲ್ಲ. "ಡ್ರೈವರ್" ಎಂದರೆ ಮುಗಿಯಿತು. ಹಿರಿಯ ಹೆಂಗಸರು ಮಾತ್ರ "ಏನಪ್ಪಾ ಡ್ರೈವರಣ್ಣ, ಉಂಡಿಯೇನು?" ಎಂದು ಕೇಳುವುದುಂಟು. ನೈವೇದ್ಯದ ಹೋಳಿಗೆಯ ಪಂಕ್ತಿಯಲ್ಲಿ ಅವನನ್ನು ಕರೆದು ಕೂರಿಸುವ ಮನೆಗಳೂ ಇವೆ, ಎಲ್ಲರದೂ ಆದ ಮೇಲೆ ಪೇಪರು ತಟ್ಟೆಯಲ್ಲಿ ಗಾಡಿಯ ಬಳಿಗೆ ಕಳುಹಿಸುವ ಮನೆಗಳೂ ಇವೆ, ಬಾಟಾ ಕೊಟ್ಟಾಗಿದೆಯಲ್ಲ ಎಂದು ಸುಮ್ಮನಾಗುವವರೂ ಇದ್ದಾರೆ. ಆದರೆ ಇದೇ ಜನ ಅವನ ಎದುರಿಗೆ ಬಾಯಿಬಿಟ್ಟು ಮಾತನಾಡುವುದನ್ನು ನೋಡಬೇಕು. ಆಸ್ತಿಯ ಪಾಲು, ಸೊಸೆಯ ಮೇಲಿನ ದೂರು, ಮಗನ ಸಾಲ, ವೈದ್ಯರು ಗುಟ್ಟಾಗಿ ಹೇಳಿದ ಕಾಯಿಲೆಯ ಹೆಸರು ಎಲ್ಲವೂ ಅವನ ಬೆನ್ನ ಹಿಂದೆ ನಡೆಯುತ್ತವೆ. ಅವನು ಕೇಳಿಯೂ ಕೇಳದವನಂತೆ ಇರಬೇಕು. ಕಂಡ ಮನೆಯ ಮಾತನ್ನು ಇನ್ನೊಂದು ಮನೆಗೆ ಒಯ್ದ ಚಾಲಕನಿಗೆ ಮರುಬಾಡಿಗೆ ಸಿಕ್ಕುವುದಿಲ್ಲ. ಲಂಡನ್ ನಗರದ ಟ್ಯಾಕ್ಸಿ ಚಾಲಕನು ಸಾವಿರಾರು ಬೀದಿಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಗೆ ನಿಲ್ಲಬೇಕೆಂಬುದು ಲೋಕಪ್ರಸಿದ್ಧ. ನಮ್ಮ ಕಡೆಯವನಿಗೆ ಬೀದಿಗಳು ಕೆಲವೇ. ಯಾವ ಊರಿಗೆ ಯಾವ ಊರು ಬೀಗರು, ಯಾವ ದೇವರಿಗೆ ಯಾವ ವಾರ, ಯಾವ ಹಳ್ಳ ಮಳೆಗೆ ಏರುತ್ತದೆ, ಯಾರ ಮುಂದೆ ಯಾರ ಮಾತು ಎತ್ತಬಾರದು ಎಂಬುದೇ ಅವನ ಪಾಠ.

ಸ್ಟ್ಯಾಂಡು ಎಂಬುದು ಅವನ ಎರಡನೆಯ ಮನೆ. ಅಲ್ಲಿ ಪಾಳಿಯ ನಿಯಮವುಂಟು. ಮೊದಲು ಬಂದವನಿಗೆ ಮೊದಲ ಬಾಡಿಗೆ. ಪಾಳಿ ಮುರಿದವನೊಡನೆ ಉಳಿದವರು ಚಹಾ ಕುಡಿಯುವುದಿಲ್ಲ. ಬೋಣಿಯಾಗದವನಿಗೆ ತನ್ನ ಪಾಳಿಯನ್ನು ಬಿಟ್ಟುಕೊಡುವ ಉದಾರತೆಯೂ, ಹಳದಿ ಬೋರ್ಡಿನ ತೆರಿಗೆ ಕಟ್ಟದೆ ಬಿಳಿ ಬೋರ್ಡಿನ ಸ್ವಂತ ಕಾರನ್ನು ಗುಟ್ಟಾಗಿ ಬಾಡಿಗೆಗೆ ಬಿಡುವವನ ಮೇಲಿನ ಸಿಟ್ಟೂ ಅಲ್ಲಿಯೇ ಬೆಳೆಯುತ್ತವೆ. ಆಯುಧ ಪೂಜೆಯ ದಿನ ಎಲ್ಲ ಗಾಡಿಗಳೂ ತೊಳೆದು ಬಾಳೆಕಂಬ ಕಟ್ಟಿಕೊಂಡು ನಿಂತಾಗ ಬೂದುಗುಂಬಳ ಒಡೆಯುವುದರಲ್ಲಿ ಜಾತಿ ಮತಗಳ ಲೆಕ್ಕವಿಲ್ಲ. ಇಷ್ಟೆಲ್ಲ ಇದ್ದರೂ ಹೆಣ್ಣು ಕೇಳಲು ಹೋದಾಗ "ಹುಡುಗ ಡ್ರೈವರ್" ಎಂಬ ಮಾತಿಗೆ ಎದುರಿನವರ ಮುಖ ಸ್ವಲ್ಪ ಬಾಡುವುದು ತಪ್ಪಿಲ್ಲ. ರಾತ್ರಿ ಮನೆಯಲ್ಲಿರುವನೆಂಬ ಭರವಸೆಯಿಲ್ಲ, ದಾರಿಯ ಭರವಸೆಯಂತೂ ಇಲ್ಲವೇ ಇಲ್ಲ.

ಈ ಸ್ಟ್ಯಾಂಡಿನ ಭಾಷೆಯನ್ನು ನಮ್ಮ ವಿದ್ವಾಂಸರು ಗಮನಿಸಿದರೆ ಒಳ್ಳೆಯದು. ಕನ್ನಡದ ಬಾಡಿಗೆ ರಾಯಲಸೀಮೆಯ ತೆಲುಗಿನಲ್ಲಿ ಬಾಡುಗ. ಬೋಣಿ ಎರಡರಲ್ಲೂ ಬೋಣಿಯೇ. ಜೊತೆಗೆ ದಖನಿ ಉರ್ದು. ಆದವಾನಿಯ ಚಾಲಕನು ಪ್ರಯಾಣಿಕನು ಬಾಯಿ ತೆರೆದ ಮೊದಲ ಮಾತಿನಲ್ಲೇ ಅವನ ಊರಿನ ದಿಕ್ಕನ್ನು ಹಿಡಿದು ತನ್ನ ಮಾತನ್ನು ಅದಕ್ಕೆ ತಿರುಗಿಸಿಕೊಳ್ಳುತ್ತಾನೆ. ಕಚೇರಿಯಲ್ಲಿ, ನ್ಯಾಯಾಲಯದಲ್ಲಿ, ಅರ್ಜಿಯ ಕಾಗದದಲ್ಲಿ ಕನ್ನಡಕ್ಕೆ ಇದ್ದ ಜಾಗ 1953ರ ನಂತರ ಆದವಾನಿಯಲ್ಲಿ ಕುಗ್ಗುತ್ತ ಬಂದಿತು. ಕನ್ನಡ ಮಾಧ್ಯಮದ ಶಾಲೆಗಳು ಗಡಿಯ ಮಂಡಲಗಳಲ್ಲಿ ಇಂದಿಗೂ ಇವೆ. ಅವುಗಳ ಕಷ್ಟವನ್ನು ಬೇರೆಯವರು ಬರೆದಿದ್ದಾರೆ. ಕನ್ನಡ ಬಲ್ಲವನಿಗೆ ಬಲ್ಲುದರಿಂದಲೇ ನಾಲ್ಕು ಕಾಸು ಹೆಚ್ಚು ಸಿಕ್ಕುವ ಕಸುಬುಗಳು ಮಾತ್ರ ಕೆಲವೇ ಉಳಿದವು. ಕ್ಷೇತ್ರದ ಅಂಗಡಿ ಅವುಗಳಲ್ಲಿ ಒಂದು, ಬಾಡಿಗೆ ಗಾಡಿ ಇನ್ನೊಂದು. ಅಭಿಮಾನದಿಂದಲ್ಲ, ಅಗತ್ಯದಿಂದ ಉಳಿದ ಕನ್ನಡವಿದು. ಹಾಗೆ ಉಳಿದದ್ದನ್ನು ಕಡಿಮೆಯೆಂದು ನಾವು ಎಣಿಸುವುದಿಲ್ಲ.

ಯಾತ್ರಿಕರನ್ನು ಮಾತ್ರ ನೆನೆದರೆ ಚಿತ್ರ ಪೂರ್ತಿಯಾಗದು. ಈ ಸೀಮೆಯಲ್ಲಿ ಸುಗ್ಗಿ ಎಂಬ ಮಾತಿಗೆ ಈಗ ಎರಡು ಅರ್ಥ. ನಮಗೆಲ್ಲ ಸುಗ್ಗಿಯೆಂದರೆ ತುಂಬಿದ ಕಣ. ಕೋಸಿಗಿ, ಕೌತಾಳಂ, ಪೆದ್ದಕಡಬೂರು, ಹೊಳಗುಂದ ಕಡೆಯ ಬಡವರಿಗೆ ಸುಗ್ಗಿಗೆ ಹೋಗುವುದೆಂದರೆ ಮನೆಗೆ ಬೀಗ ಹಾಕಿ ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು, ಇಲ್ಲವೇ ಬೆಂಗಳೂರು, ಹೈದರಾಬಾದುಗಳ ಕಟ್ಟಡ ಕೆಲಸಕ್ಕೆ ವಲಸೆ ಹೋಗುವುದು. ಮಳೆ ಕೈಕೊಟ್ಟ ವರ್ಷ ಊರಿಗೆ ಊರೇ ಖಾಲಿಯಾಗುತ್ತದೆ. ಪಾತ್ರೆ, ಹಾಸಿಗೆ, ಕೋಳಿ, ಶಾಲೆ ಬಿಟ್ಟ ಮಕ್ಕಳು ಇವರನ್ನು ಹೊತ್ತು ರಾತ್ರಿ ಹೊರಡುವ ಗಾಡಿಯ ಚಾಲಕನೂ ಅದೇ ಊರಿನವನು. ಶ್ರಾವಣದಲ್ಲಿ ಪರಊರಿನವರನ್ನು ಹರಕೆಗೆ ಕರೆತಂದವನೇ ಕಾರ್ತಿಕ ಕಳೆಯುತ್ತಲೇ ತನ್ನೂರಿನವರನ್ನು ಹೊರಕ್ಕೆ ಒಯ್ಯುತ್ತಾನೆ. ಕಾರಿನ ಸಾಲದ ಕಂತು ಎರಡು ತಿಂಗಳಿನಲ್ಲೂ ಒಂದೇ.

ಶ್ರಾವಣದ ಮಾತು ಬಂದಿತು. ಆ ಮಾಸದ ಬಹುಳದಲ್ಲಿ ರಾಘವೇಂದ್ರ ಸ್ವಾಮಿಗಳ ಆರಾಧನೆ. ಉರುಕುಂದದ ಜಾತ್ರೆಯೂ ಅದೇ ಮಾಸ. ಗಡಿಯ ಚಾಲಕನಿಗೆ ವರ್ಷದ ದುಡಿಮೆಯ ದೊಡ್ಡ ಪಾಲು ಈ ಮೂವತ್ತು ದಿನಗಳಲ್ಲಿ ಆಗಬೇಕು. ಹಗಲು ಒಂದು ಬಾಡಿಗೆ, ರಾತ್ರಿ ಇನ್ನೊಂದು. 1939ರ ಕಾಯಿದೆಯೇ ಚಾಲಕನು ಐದು ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ವಿರಮಿಸಬೇಕೆಂದೂ ದಿನಕ್ಕೆ ಒಂಬತ್ತು ಗಂಟೆ ಮೀರಬಾರದೆಂದೂ ವಿಧಿಸಿತ್ತು. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆ ಅದನ್ನು ಎಂಟು ಗಂಟೆಗೆ ಇಳಿಸಿತು. ಆದರೆ ಅದು ಅನ್ವಯಿಸುತ್ತಿದ್ದುದು ಐವರು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗಳಿಗೆ. ತನ್ನದೊಂದೇ ಗಾಡಿಯಿರುವವನಿಗೆ ತಾನೇ ಮಾಲಿಕ, ತಾನೇ ಆಳು. ಅವನನ್ನು ಮಲಗೆಂದು ಹೇಳುವವರು ಯಾರು? ಬೆಳಗಿನ ಜಾವದ ಅಭಿಷೇಕಕ್ಕೆ ತಲುಪಿಸೆಂದು ಅವಸರಿಸುವವರು ನಾವೇ ಅಲ್ಲವೇ?

2025ರ ಜನವರಿ 21ರ ರಾತ್ರಿ ಮಂತ್ರಾಲಯದ ಸಂಸ್ಕೃತ ವಿದ್ಯಾರ್ಥಿಗಳು ನರಹರಿತೀರ್ಥರ ಆರಾಧನೆಗೆಂದು ಹಂಪಿಗೆ ಹೊರಟಿದ್ದ ವಾಹನವು ಸಿಂಧನೂರಿನ ಬಳಿ ಉರುಳಿತು. ಮೂವರು ವಿದ್ಯಾರ್ಥಿಗಳೂ ಚಾಲಕನೂ ತೀರಿಕೊಂಡರು. ಮಕ್ಕಳಿಗಾಗಿ ಎರಡು ರಾಜ್ಯಗಳ ಜನವೂ ಮರುಗಿದರು. ನಾವೂ ಮರುಗಿದೆವು, ನಾಲ್ಕನೆಯವನ ಮನೆ ಎಲ್ಲಿಯದೆಂದು ಕೇಳುವುದು ನಮಗೆ ಹೊಳೆದದ್ದು ಬಹಳ ದಿನಗಳ ಮೇಲೆ.

ಅದಕ್ಕೂ ಐದು ವರ್ಷ ಹಿಂದೆ, 2020ರ ಮಾರ್ಚಿಯಲ್ಲಿ, ಕಾಗದದ ಮೇಲಿದ್ದ ಗಡಿಯು ಕಣ್ಣಿಗೆ ಕಾಣುವಂತಾಯಿತು. ಗುಡಿಗಳ ಬಾಗಿಲು ಮುಚ್ಚಿದವು, ರಾಜ್ಯದಿಂದ ರಾಜ್ಯಕ್ಕೆ ಹೋಗಲು ಪಾಸು ಬೇಕಾಯಿತು, ಬಾಡಿಗೆ ಗಾಡಿಗಳು ಮನೆಯ ಮುಂದೆ ಧೂಳು ಹಿಡಿದು ನಿಂತವು. ಕರ್ನಾಟಕ ಸರ್ಕಾರವು ಆ ಮೇ ತಿಂಗಳಲ್ಲಿ ಆಟೋ, ಟ್ಯಾಕ್ಸಿ ಚಾಲಕರಿಗೆ 5,000 ರೂಪಾಯಿ ನೆರವು ಸಾರಿತು. ಆಂಧ್ರದಲ್ಲಿ 2019ರ ಅಕ್ಟೋಬರಿನಲ್ಲಿ ಆರಂಭವಾಗಿದ್ದ ವಾಹನಮಿತ್ರ ಯೋಜನೆಯಡಿ ಸ್ವಂತ ಗಾಡಿ ಓಡಿಸುವವರಿಗೆ ವರ್ಷಕ್ಕೆ 10,000 ರೂಪಾಯಿ ಸಿಗುತ್ತಿತ್ತು. ಎರಡೂ ಒಳ್ಳೆಯ ಕೆಲಸಗಳೇ. ಆದರೆ ಇಂಥ ಪಟ್ಟಿಗಳು ರಾಜ್ಯದ ಎಲ್ಲೆಯೊಳಗೆ ಕುಳಿತು ತಯಾರಾಗುತ್ತವೆ. ಮನೆ ಒಂದು ರಾಜ್ಯದಲ್ಲಿ, ಮಾವನ ಮನೆಯ ಹೆಸರಿನಲ್ಲಿ ಕೊಂಡ ಗಾಡಿಯ ನಂಬರು ಇನ್ನೊಂದು ರಾಜ್ಯದ್ದು ಎಂಬ ಬದುಕು ಗಡಿಯಲ್ಲಿ ಸಾಮಾನ್ಯ. ಅರ್ಜಿಯ ನಮೂನೆಯಲ್ಲಿ ಅದಕ್ಕೆ ಮನೆಯಿಲ್ಲ.

ಈಚಿನ ಬದಲಾವಣೆ ಇನ್ನೊಂದು. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ, ಆಂಧ್ರದಲ್ಲಿ 2025ರ ಆಗಸ್ಟ್ 15ರಿಂದ ಸ್ತ್ರೀಶಕ್ತಿ ಯೋಜನೆ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣವನ್ನು ಕೊಟ್ಟವು. ಗಂಡನ ಕಿಸೆಯನ್ನು ಕೇಳದೆ ತವರಿಗೆ ಹೋಗಿಬರುವ ಸ್ವಾತಂತ್ರ್ಯ ಹೆಂಗಸರಿಗೆ ದೊರೆತದ್ದು ದೊಡ್ಡ ಮಾತು. ಅದರ ವಿರುದ್ಧ ನಾವು ಒಂದಕ್ಷರವನ್ನೂ ಬರೆಯಲಾರೆವು. ಹಳ್ಳಿಯ ಆಟೋದವನ ಅರ್ಧ ಸೀಟುಗಳು ಖಾಲಿಯಾದದ್ದೂ ನಿಜ. ಅದನ್ನು ಮನಗಂಡೇ ಆಂಧ್ರ ಸರ್ಕಾರವು 2025ರ ಅಕ್ಟೋಬರ್ 4ರಂದು ಆಟೋ, ಕ್ಯಾಬ್ ಚಾಲಕರಿಗೆ ತಲಾ 15,000 ರೂಪಾಯಿ ಕೊಡುವ ಯೋಜನೆಯನ್ನು ಆರಂಭಿಸಿತು. ಕುತೂಹಲದ ಸಂಗತಿಯೆಂದರೆ ಎರಡು ರಾಜ್ಯಗಳ ಉಚಿತ ಟಿಕೆಟ್ಟುಗಳೂ ತಮ್ಮ ತಮ್ಮ ರಾಜ್ಯದೊಳಗಿನ ಪ್ರಯಾಣಕ್ಕೆ ಮಾಡಿದವು. ಸಿರುಗುಪ್ಪದ ತಾಯಿಯೊಬ್ಬಳು ಉರುಕುಂದಕ್ಕೆ ಹೊರಟರೆ ಆಕೆಯ ಹಾದಿಯಲ್ಲಿ 1953ರ ರೇಖೆಯು ಈಗ ಟಿಕೆಟ್ಟಿನ ಮೇಲೆ ಕಾಣುತ್ತದೆ. ಅಲ್ಲಿಂದ ಮುಂದಕ್ಕೆ ಮತ್ತೆ ಬಾಡಿಗೆ ಗಾಡಿಯೇ.

ಗಾಡಿಯ ನಂಬರಿನಲ್ಲಿಯೂ ಒಂದು ಇತಿಹಾಸ ಅಳಿಸಿಹೋಗುತ್ತಿದೆ. ಎಪಿ 21 ಎಂದು ಕಂಡರೆ ಕರ್ನೂಲು ಜಿಲ್ಲೆಯ ಗಾಡಿ ಎಂದು ಗುಡಿಯ ಮುಂದಿನ ಹುಡುಗರೂ ಹೇಳುತ್ತಿದ್ದರು. 2019ರಲ್ಲಿ ಆಂಧ್ರಕ್ಕೆಲ್ಲ ಎಪಿ 39 ಎಂಬ ಒಂದೇ ಗುರುತು ಬಂದಿತು. ಈ ಕಡೆ ಬಳ್ಳಾರಿಯ ಕೆಎ 34, ರಾಯಚೂರಿನ ಕೆಎ 36 ಹಾಗೆಯೇ ಇವೆ. ಉರುಕುಂದದ ಬಯಲಿನಲ್ಲಿ ಶ್ರಾವಣದ ಸೋಮವಾರ ಇವೆಲ್ಲ ಒತ್ತೊತ್ತಾಗಿ ನಿಂತಿರುತ್ತವೆ. ಎಪಿ ನಂಬರಿನ ಗಾಜಿನ ಮೇಲೆ ಈರಣ್ಣ ಪ್ರಸನ್ನ ಎಂದು ಕನ್ನಡದಲ್ಲಿ ಬರೆದದ್ದೂ, ಕೆಎ ನಂಬರಿನ ಮೇಲೆ ತೆಲುಗು ಬರೆಹವೂ ಉಂಟು. ಎರಡು ಲಿಪಿಗಳೂ ಒಡಹುಟ್ಟಿದವಾದುದರಿಂದ, ತೆಲುಗು ಶಾಲೆಯಲ್ಲಿ ಕಲಿತ ಹುಡುಗನು ಚಾಲಕನಾಗಿ ಸಿರುಗುಪ್ಪದ ಹಾದಿ ಹಿಡಿದಾಗ ಊರಿನ ಹಲಗೆಗಳನ್ನು ಒಂದೊಂದಾಗಿ ಕೂಡಿಸಿ ಓದುತ್ತ ಕನ್ನಡ ಕಲಿಯುತ್ತಾನೆ. ತಲಕಟ್ಟು ಬೇರೆ, ಅಕ್ಷರ ಅದೇ ಎಂಬುದು ಅವನಿಗೆ ಎರಡನೆಯ ಬಾಡಿಗೆಯ ಹೊತ್ತಿಗೆ ತಿಳಿದಿರುತ್ತದೆ.